ಬೆಳೆದ ಹೂಗಿಡದ ಜಾಗ ಬದಲಿಸುವುದು: ಕೀಳುವ ಆರು ವಾರ ಮೊದಲೇ ಶುರು ಮಾಡಿ

ಹಳೆ ಮನೆ ಕೆಡವಿ ಹೊಸದು ಕಟ್ಟುವಾಗ, ಕಾರು ನಿಲ್ಲಿಸಲು ಜಾಗ ಮಾಡುವಾಗ, ಕಾಂಪೌಂಡ್ ಗೋಡೆ ಮುಂದಕ್ಕೆ ತರುವಾಗ ಮೊದಲು ಅಡ್ಡ ಬರುವುದು ಅಂಗಳದ ಗಿಡಗಳು. ಹತ್ತಾರು ವರ್ಷದಿಂದ ದಿನಾ ಪೂಜೆಗೆ ಹೂ ಕೊಟ್ಟ ದಾಸವಾಳ, ಅಜ್ಜಿ ನೆಟ್ಟ ನಂದಿಬಟ್ಟಲು, ಬೇಸಿಗೆ ಬಂತೆಂದರೆ ಬೀದಿಗೆಲ್ಲ ಘಮ ಹರಡುವ ಮಲ್ಲಿಗೆ. ಕೆಲಸದವರು "ಕಿತ್ತು ಆ ಕಡೆ ನೆಟ್ಟರಾಯ್ತು ಬಿಡಿ ಸಾರ್" ಎನ್ನುತ್ತಾರೆ. ಅರ್ಧ ಗಂಟೆಯಲ್ಲಿ ಕಿತ್ತು, ನೆಟ್ಟೂ ಬಿಡುತ್ತಾರೆ. ಎರಡು ವಾರಕ್ಕೆ ಎಲೆ ಸುರುಟಿ, ಕಡ್ಡಿ ಒಣಗಿ, ಗಿಡ ಹೋಗಿಬಿಡುತ್ತದೆ. ಹೊಸ ಜಾಗ ಆಗಿಬರಲಿಲ್ಲ ಎಂದು ಮನೆಯವರು ಸಮಾಧಾನ ಮಾಡಿಕೊಳ್ಳುತ್ತಾರೆ.

ಇದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಹೀಗೆ ಸಾಯುವ ಗಿಡಗಳಲ್ಲಿ ಹೆಚ್ಚಿನವನ್ನು ಉಳಿಸಿಕೊಳ್ಳಬಹುದಿತ್ತು. ಅದಕ್ಕೆ ದೊಡ್ಡ ವಿದ್ಯೆಯೇನೂ ಬೇಡ, ದುಬಾರಿ ಸಾಮಾನೂ ಬೇಡ. ಬೇಕಾಗಿರುವುದು ಸಮಯ. ಮನೆಯ ಪ್ಲಾನ್ ಕೈಗೆ ಬಂದ ದಿನವೇ ಯಾವ ಗಿಡ ಎಲ್ಲಿಗೆ ಹೋಗಬೇಕು ಎಂದು ತೀರ್ಮಾನಿಸಿ, ಕೀಳುವುದಕ್ಕೆ ಕನಿಷ್ಠ ಆರು ವಾರ ಮೊದಲೇ ಕೆಲಸ ಶುರು ಮಾಡಿದರೆ ಅರ್ಧ ಗೆದ್ದ ಹಾಗೆ.

ಕಿತ್ತ ಗಿಡ ಯಾಕೆ ಸಾಯುತ್ತದೆ

ಗಿಡವನ್ನು ನೆಲಕ್ಕೆ ಹಿಡಿದು ನಿಲ್ಲಿಸುವುದು ದಪ್ಪ ಬೇರು. ಆದರೆ ನೀರು ಹೀರುವ ಕೆಲಸ ಅದರದ್ದಲ್ಲ. ತುದಿಯಲ್ಲಿರುವ ನೂಲಿನಂಥ ಎಳೆ ಬೇರುಗಳು ಆ ಕೆಲಸ ಮಾಡುತ್ತವೆ. ಈ ಎಳೆ ಬೇರುಗಳು ಬಹುಪಾಲು ಮೇಲಿನ ಒಂದು, ಒಂದೂವರೆ ಅಡಿ ಮಣ್ಣಿನಲ್ಲೇ ಇರುತ್ತವೆ. ಆದರೆ ಅಗಲಕ್ಕೆ ಬಹಳ ದೂರ ಹೋಗಿರುತ್ತವೆ, ಎಷ್ಟೋ ಸಲ ಕೊಂಬೆಗಳ ಹರವನ್ನೂ ದಾಟಿ. ಬುಡದ ಸುತ್ತ ಒಂದಡಿ ಬಿಟ್ಟು ಅಗೆದು ಎತ್ತಿದರೆ ನಮ್ಮ ಕೈಗೆ ಬರುವುದು ದಪ್ಪ ಬೇರಿನ ಮೋಟು ಮಾತ್ರ. ನೀರು ಕುಡಿಯುವ ಬೇರು ಹಳೆ ಜಾಗದಲ್ಲೇ ಉಳಿಯಿತು.

ಮೇಲೆ ಮಾತ್ರ ಎಲೆ ಮೊದಲಿನಷ್ಟೇ ಇವೆ. ಬಿಸಿಲಿಗೆ, ಗಾಳಿಗೆ ಅವು ನೀರು ಬಿಡುತ್ತಲೇ ಇರುತ್ತವೆ. ಕೆಳಗಿಂದ ಬರುವುದು ಚೂರು, ಮೇಲಿಂದ ಹೋಗುವುದು ಜಾಸ್ತಿ. ಆಗ ಎಷ್ಟು ನೀರು ಸುರಿದರೂ ಹೀರಲು ಬಾಯೇ ಇಲ್ಲ. ಮುಂದೆ ಹೇಳುವ ಪ್ರತಿಯೊಂದು ಕೆಲಸಕ್ಕೂ ಇದೇ ಕಾರಣ: ಎಳೆ ಬೇರನ್ನು ಜೊತೆಗೆ ತರಬೇಕು, ಹೊಸದು ಬರುವ ತನಕ ಎಲೆಯ ದಾಹ ಕಡಿಮೆ ಇಡಬೇಕು.

ಯಾವುದು ಬರುತ್ತದೆ, ಯಾವುದು ಬರುವುದಿಲ್ಲ

ದಾಸವಾಳ, ನಂದಿಬಟ್ಟಲು, ದುಂಡುಮಲ್ಲಿಗೆ, ಕಾಕಡ, ಗುಲಾಬಿ, ಕ್ರೋಟನ್, ಗೋರಂಟಿ, ಕಣಗಿಲೆ – ಇವು ಧೈರ್ಯದಿಂದ ಕೈ ಹಾಕಬಹುದಾದ ಗಿಡಗಳು. ಕತ್ತರಿಸಿದರೆ ಚಿಗುರುವ ಜಾತಿ. ಕಣಗಿಲೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಅದರ ಎಲೆ, ಹೂ, ಕಾಂಡ, ಬೇರು ಎಲ್ಲವೂ ವಿಷ. ಕೈಗವಸು ಹಾಕಿಕೊಂಡೇ ಕತ್ತರಿಸಿ, ಹಾಲು ಕಣ್ಣಿಗೆ, ಗಾಯಕ್ಕೆ ತಾಗದ ಹಾಗೆ ನೋಡಿಕೊಳ್ಳಿ. ಕತ್ತರಿಸಿದ ಕಡ್ಡಿಯನ್ನು ನೀರೊಲೆಗೆ ಹಾಕಬೇಡಿ, ಹೊಗೆಯೂ ಕೆಟ್ಟದ್ದು. ದನ, ಆಡು ಬಾಯಿ ಹಾಕುವ ಕಡೆಯೂ ಎಸೆಯಬೇಡಿ.

ಕರಾವಳಿಯವರು ಕೇಪಳ ಎನ್ನುವ ಇಕ್ಸೋರಾ ಬರುತ್ತದೆ, ಆದರೆ ನಿಧಾನ. ಕಿತ್ತ ಮೇಲೆ ಎಷ್ಟೋ ತಿಂಗಳು ಸುಮ್ನೆ ನಿಂತಿರುತ್ತದೆ. ಅದಕ್ಕೆ ಹುಳಿ ಮಣ್ಣು ಬೇಕು. ಸಿಮೆಂಟು, ಸುಣ್ಣ ಬಿದ್ದ ಜಾಗದಲ್ಲಿ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ.

ಕಾಗದದ ಹೂವಿನ ಗಿಡ, ಅಂದರೆ ಬೋಗನ್‌ವಿಲ್ಲಾ, ನೋಡಲು ಗಟ್ಟಿ. ಬೇರು ಮಾತ್ರ ಬಹಳ ನಾಜೂಕು. ಮಣ್ಣು ಹಿಡಿದುಕೊಳ್ಳುವುದಿಲ್ಲ, ಎತ್ತುವಾಗಲೇ ಉದುರಿಹೋಗುತ್ತದೆ. ದೊಡ್ಡ ಗಿಡವಾದರೆ ಕಡ್ಡಿ ನೆಟ್ಟು ಹೊಸದು ಮಾಡಿಕೊಳ್ಳುವುದೇ ಮೇಲು. ಕರಿಬೇವಿಗೆ ಆಳಕ್ಕಿಳಿದ ತಾಯಿಬೇರು. ಹಳೆ ಗಿಡ ಕೀಳುವ ಬದಲು ಬುಡದ ಸುತ್ತ ಎದ್ದ ಮರಿಗಳನ್ನು ಬೇರು ಸಮೇತ ಬಿಡಿಸಿಕೊಳ್ಳಿ. ಸಂಪಿಗೆ, ಎಕ್ಕ, ಪಪ್ಪಾಯಿ – ಇವು ದೊಡ್ಡವಾದ ಮೇಲೆ ಮುಟ್ಟದಿರುವುದೇ ವಾಸಿ. ಪಾರಿಜಾತ ನಾಲ್ಕೈದು ಅಡಿಯ ಒಳಗಿದ್ದರೆ ಪ್ರಯತ್ನಿಸಬಹುದು.

ಇನ್ನು ಗಾತ್ರ. ಬುಡದ ಕಾಂಡ ಮೂರು ಇಂಚಿಗಿಂತ ದಪ್ಪ ಇದ್ದರೆ ಮನೆಮಂದಿಯ ಕೈಲಿ ಆಗುವ ಕೆಲಸವಲ್ಲ. ಯಾಕೆ ಎಂದು ಮುಂದೆ ತೂಕದ ಲೆಕ್ಕ ಬಂದಾಗ ಗೊತ್ತಾಗುತ್ತದೆ.

ಯಾವಾಗ

ಕರ್ನಾಟಕದಲ್ಲಿ ಒಂದೇ ತಿಂಗಳು ಎಲ್ಲ ಕಡೆಗೂ ಹೊಂದುವುದಿಲ್ಲ. ಬೇಕಾಗಿರುವುದು ಮೋಡ, ತೇವದ ಗಾಳಿ ಮತ್ತು ಬೆಚ್ಚಗಿರುವ ಮಣ್ಣು. ಈ ಮೂರೂ ಒಟ್ಟಿಗೆ ಸಿಗುವ ಹೊತ್ತು ಊರಿಂದ ಊರಿಗೆ ಬೇರೆ.

ಬೆಂಗಳೂರು, ಮೈಸೂರು, ತುಮಕೂರು, ಹಾಸನದ ಕಡೆ ಜೂನ್ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗೆ ಒಳ್ಳೆಯ ಕಾಲ. ಆರಿದ್ರಾ, ಪುನರ್ವಸು ಮಳೆಯ ಹೊತ್ತಿಗೆ ಬಿಸಿಲು ತಗ್ಗಿ ಜಿಟಿಜಿಟಿ ಹನಿ ಹಿಡಿದಿರುತ್ತದೆ. ಆಷಾಢ ಎಂದು ಮನೆಯಲ್ಲಿ ಶುಭಕಾರ್ಯ ಮುಂದಕ್ಕೆ ಹಾಕಿರುತ್ತೀರಿ, ಅಲ್ವಾ? ಗಿಡದ ಕೆಲಸವನ್ನು ಮಾತ್ರ ಮುಂದಕ್ಕೆ ಹಾಕಬೇಡಿ. ಅದಕ್ಕೆ ಇದಕ್ಕಿಂತ ಒಳ್ಳೆ ಮುಹೂರ್ತ ಇಲ್ಲ. ಗಾಳಿ ಜೋರಾಗಿರುವುದೊಂದೇ ತೊಂದರೆ, ಊರುಗೋಲು ಕೊಟ್ಟರೆ ಆಯಿತು. ಬೆಂಗಳೂರಿನಲ್ಲಿ ಹೆಚ್ಚು ಮಳೆ ಸುರಿಯುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆ ಮಳೆ ಬರುವಷ್ಟರಲ್ಲಿ ಗಿಡ ಬೇರು ಬಿಟ್ಟಿದ್ದರೆ ಅದೇ ನೀರಿನಲ್ಲಿ ಚೆನ್ನಾಗಿ ಚಿಗುರುತ್ತದೆ.

ಕರಾವಳಿ ಮತ್ತು ಮಲೆನಾಡಿನಲ್ಲಿ ಲೆಕ್ಕ ಬೇರೆ. ಜುಲೈನಲ್ಲಿ ಅಲ್ಲಿ ಗುಂಡಿ ತೋಡಿದರೆ ಅದೊಂದು ಪುಟ್ಟ ಕೆರೆ. ಕತ್ತರಿಸಿದ ಬೇರು ನಿಂತ ನೀರಿನಲ್ಲಿ ಕೊಳೆಯುತ್ತದೆ. ಮುಂಗಾರಿನ ಮೊದಲ ಮಳೆ ಬಿದ್ದು ನೆಲ ನೆನೆದ ಜೂನ್ ಆರಂಭ ಒಂದು ಅವಕಾಶ. ಅದು ತಪ್ಪಿದರೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್ – ಮಳೆ ಬಿಡುವು ಕೊಡುವ ಹೊತ್ತು. ನಾನಾದರೆ ಎರಡನೆಯದನ್ನೇ ಆರಿಸುತ್ತೇನೆ.

ವಿಜಯಪುರ, ಬಾಗಲಕೋಟೆ, ರಾಯಚೂರು, ಕಲಬುರಗಿಯ ಎರೆ ಭೂಮಿಯಲ್ಲಿ ತಿಂಗಳಿಗಿಂತ ಮಣ್ಣಿನ ಹದ ಮುಖ್ಯ. ಒಣಗಿದರೆ ಎರೆ ಮಣ್ಣು ಬಿರುಕು ಬಿಟ್ಟು ಬೇರನ್ನೇ ಹರಿಯುತ್ತದೆ. ಹಸಿಯಾದರೆ ಗುದ್ದಲಿಗೆ ಮೆತ್ತಿಕೊಳ್ಳುತ್ತದೆ, ಒತ್ತಿದರೆ ಗಾಳಿಯಾಡದ ಹೆಂಟೆಯಾಗುತ್ತದೆ. ಜುಲೈನಿಂದ ಸೆಪ್ಟೆಂಬರ್ ಒಳಗೆ ಒಳ್ಳೆ ಮಳೆ ಬಿದ್ದು, ಆಮೇಲೆ ಎರಡು ಮೂರು ದಿನ ಹೊಳವಾದ ಹೊತ್ತು ನೋಡಿಕೊಳ್ಳಿ. ಒಂದು ಹಿಡಿ ಮಣ್ಣು ಮುಷ್ಟಿಯಲ್ಲಿ ಒತ್ತಿದರೆ ಉಂಡೆಯಾಗಬೇಕು, ಬೆರಳಲ್ಲಿ ತಿವಿದರೆ ಪುಡಿಯಾಗಬೇಕು. ಆ ಹದ ಸಿಕ್ಕಿತೋ, ಅದೇ ದಿನ.

ಗಿಡದ ಸ್ವಭಾವವನ್ನೂ ನೋಡಿ. ದುಂಡುಮಲ್ಲಿಗೆ ಬೇಸಿಗೆಯಲ್ಲಿ ಹೂ ಬಿಡುತ್ತದೆ. ಅದು ವಿಶ್ರಾಂತಿಯಲ್ಲಿರುವ ನವೆಂಬರ್, ಡಿಸೆಂಬರ್‌ನಲ್ಲಿ, ಹೇಗೂ ಸವರುವ ಕಾಲದಲ್ಲೇ ಸಾಗಿಸಿದರೆ ಒಂದು ಹೂವಿನ ಕಾಲವೂ ಹೋಗುವುದಿಲ್ಲ. ನೀರನ್ನು ಮಾತ್ರ ನೀವೇ ಹಾಕಬೇಕು. ಗುಲಾಬಿಗೂ ಅಕ್ಟೋಬರ್‌ನಲ್ಲಿ ಸವರುವಾಗ ಜಾಗ ಬದಲಿಸುವುದು ಸಲೀಸು.

ಶಿವರಾತ್ರಿ ಕಳೆದ ಮೇಲೆ ಮಳೆ ಬರುವವರೆಗೆ ಯಾವ ಬೆಳೆದ ಗಿಡಕ್ಕೂ ಗುದ್ದಲಿ ಹಾಕಬೇಡಿ. ತೀರಾ ಅನಿವಾರ್ಯವಾದರೆ ಏನು ಮಾಡಬೇಕು ಎಂಬುದನ್ನು ಕೊನೆಯಲ್ಲಿ ಹೇಳಿದ್ದೇನೆ.

ಆರು ವಾರ ಮೊದಲು: ನೆಲದಲ್ಲಿರುವಾಗಲೇ ಬೇರು ಕತ್ತರಿಸಿ

ಇಡೀ ಕೆಲಸದಲ್ಲಿ ಇದೇ ಮುಖ್ಯ. ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ.

ಕತ್ತರಿಸಿದ ಕೊಂಬೆಯ ಹತ್ತಿರ ಹೊಸ ಚಿಗುರು ಗುಂಪಾಗಿ ಬರುವ ಹಾಗೆ, ಕತ್ತರಿಸಿದ ಬೇರಿನ ತುದಿಯ ಹಿಂದೆಯೂ ಹೊಸ ಬೇರು ಗುಂಪಾಗಿ ಬರುತ್ತದೆ. ಗಿಡ ಹಳೆ ಜಾಗದಲ್ಲೇ ಇರುವಾಗ ಬುಡದ ಹತ್ತಿರ ಬೇರು ಕತ್ತರಿಸಿದರೆ, ಎಳೆ ಬೇರುಗಳು ದೂರದಲ್ಲಲ್ಲ, ಬುಡದ ಹತ್ತಿರವೇ ಹುಟ್ಟುತ್ತವೆ. ಆಮೇಲೆ ಎತ್ತಿದಾಗ ಅವು ನಮ್ಮ ಜೊತೆಗೇ ಬರುತ್ತವೆ.

ಮೊದಲು ಅಳತೆ. ಬುಡದ ಕಾಂಡ ಒಂದು ಇಂಚು ದಪ್ಪ ಇದ್ದರೆ ಬೇರಿನ ಜೊತೆ ಬರುವ ಮಣ್ಣಿನ ಉಂಡೆ 10ರಿಂದ 12 ಇಂಚು ಅಗಲ ಇರಬೇಕು. ಎರಡು ಇಂಚಾದರೆ ಹತ್ತಿರ ಹತ್ತಿರ ಎರಡು ಅಡಿ. ಬುಡದಿಂದ ಹತ್ತಾರು ಕಾಂಡ ಎದ್ದಿರುವ ಮಲ್ಲಿಗೆಯಂಥ ಪೊದೆಗೆ ಈ ಲೆಕ್ಕ ಬರುವುದಿಲ್ಲ. ನಾಲ್ಕೈದು ಅಡಿ ಎತ್ತರದ ಪೊದೆಗೆ ಒಂದೂವರೆ ಅಡಿ ಅಗಲ ಎಂದಿಟ್ಟುಕೊಳ್ಳಿ. ಆಳ ಒಂದು, ಒಂದೂಕಾಲು ಅಡಿ ಸಾಕು.

ಅಗೆಯುವ ಮುಂಚೆ ಅಲ್ಲಿ ನೀರಿನ ಪೈಪು, ಕರೆಂಟಿನ ಕೇಬಲ್ಲು ಹೋಗಿದೆಯೇ ವಿಚಾರಿಸಿ. ಹಳೆ ಮನೆಗಳಲ್ಲಿ ಗೇಟಿನ ಪಕ್ಕದ ಗಿಡದ ಬುಡದಲ್ಲೇ ಇವು ಹಾದುಹೋಗಿರುತ್ತವೆ. ಪೊದೆಯೊಳಗೆ ಹಕ್ಕಿಗೂಡಿದ್ದರೆ ಮರಿ ಹಾರುವ ತನಕ ಕಾಯಿರಿ.

ಹಿಂದಿನ ದಿನ ಬುಡಕ್ಕೆ ಚೆನ್ನಾಗಿ ನೀರು ಹಾಕಿ. ಮಣ್ಣಿನ ಉಂಡೆಯ ಅಳತೆಗಿಂತ ಎರಡು ಮೂರು ಇಂಚು ಒಳಗೆ ಸುತ್ತ ಗೆರೆ ಎಳೆಯಿರಿ. ಆ ಗೆರೆಯ ಅರ್ಧ ಸುತ್ತಿಗೆ ಮಾತ್ರ ಒಂದು ಗೇಣು ಅಗಲ, ಒಂದಡಿ ಆಳದ ಕಾಲುವೆ ತೋಡಿ. ಸಿಕ್ಕ ಸಣ್ಣ ಬೇರುಗಳನ್ನು ಹರಿತವಾದ ಸಲಿಕೆಯಲ್ಲೇ ಕತ್ತರಿಸಬಹುದು. ಹೆಬ್ಬೆರಳಿನಷ್ಟು ದಪ್ಪದ್ದು ಸಿಕ್ಕರೆ ಗುದ್ದಲಿಯಲ್ಲಿ ಜಜ್ಜಬೇಡಿ, ಗರಗಸದಿಂದ ನೀಟಾಗಿ ಕೊಯ್ಯಿರಿ. ಜಜ್ಜಿದ ಬೇರು ಕೊಳೆಯುತ್ತದೆ, ಗೆದ್ದಲನ್ನೂ ಕರೆಯುತ್ತದೆ. ತೆಗೆದ ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ಒಂದು ಬಾಂಡ್ಲಿ ಮರಳು, ಎರಡು ಹಿಡಿ ಬೇವಿನ ಹಿಂಡಿ ಬೆರೆಸಿ ಕಾಲುವೆ ಮುಚ್ಚಿ. ಮೂರು ವಾರ ಬಿಟ್ಟು ಉಳಿದ ಅರ್ಧ ಸುತ್ತಿಗೆ ಇದೇ ಕೆಲಸ. ಒಂದೇ ದಿನ ಪೂರ್ತಿ ಸುತ್ತು ಕತ್ತರಿಸಿದರೆ ಗಿಡಕ್ಕೆ ಪೆಟ್ಟು ಜೋರಾಗುತ್ತದೆ.

ಒಂದಷ್ಟು ಹಳೆ ಎಲೆ ಹಳದಿಯಾಗಿ ಉದುರುತ್ತದೆ, ಗಾಬರಿ ಬೇಡ. ಕಾಲುವೆಯ ಮಣ್ಣು ಒಣಗದ ಹಾಗೆ ನೋಡಿಕೊಳ್ಳಿ. ಎರಡನೇ ಅರ್ಧ ಕತ್ತರಿಸಲು ಬಂದ ದಿನ, ಮೊದಲ ಅರ್ಧದಲ್ಲಿ ಒಂದು ಕಡೆ ಬೆರಳಿನಿಂದ ಮೆಲ್ಲಗೆ ಮಣ್ಣು ಸರಿಸಿ ನೋಡಿ. ಕತ್ತರಿಸಿದ ಕಂದು ಬೇರಿನ ತುದಿಯ ಹತ್ತಿರ ತೊಗಟೆ ಚೂರು ಉಬ್ಬಿ, ಅಲ್ಲಿಂದ ಬೆಳ್ಳಗಿನ, ಮುಟ್ಟಿದರೆ ಮುರಿಯುವಷ್ಟು ಎಳೆಯ ಬೇರುಗಳು ಹೊರಟಿರುತ್ತವೆ. ದಾಸವಾಳದಲ್ಲಿ ಇದು ಬಹಳ ಸ್ಪಷ್ಟವಾಗಿ ಕಾಣುತ್ತದೆ. ಕಂಡ ಕೂಡಲೇ ಮಣ್ಣು ಮುಚ್ಚಿಬಿಡಿ, ಬಿಸಿಲು ತಾಗಬಾರದು. ಕಾಣದಿದ್ದರೆ ಕೀಳುವ ದಿನವನ್ನು ಇನ್ನೆರಡು ವಾರ ಮುಂದೂಡಿ.

ಬೇರು ಕತ್ತರಿಸಿದ ದಿನವೇ ಇನ್ನೊಂದು ಕೆಲಸ ಮಾಡಿಕೊಳ್ಳಿ. ಅದೇ ಗಿಡದಿಂದ ಪೆನ್ಸಿಲ್ ದಪ್ಪದ, ಆರೇಳು ಇಂಚು ಉದ್ದದ ನಾಲ್ಕೈದು ಕಡ್ಡಿ ಕತ್ತರಿಸಿ, ತುದಿಯ ಎರಡು ಎಲೆ ಬಿಟ್ಟು ಉಳಿದದ್ದು ತೆಗೆದು, ಮರಳು ಬೆರೆಸಿದ ಮಣ್ಣಿನಲ್ಲಿ ಎರಡು ಗೆಣ್ಣು ಹೂತು ನೆರಳಲ್ಲಿಡಿ. ದಾಸವಾಳ, ನಂದಿಬಟ್ಟಲು, ಮಲ್ಲಿಗೆ, ಕಣಗಿಲೆ ಎಲ್ಲವೂ ಕಡ್ಡಿಯಿಂದ ಬರುತ್ತವೆ. ತಾಯಿ ಗಿಡಕ್ಕೆ ಏನಾದರೂ ಆದರೂ ಅದೇ ತಳಿ ಕೈಲಿ ಉಳಿಯುತ್ತದೆ. ಉಡುಪಿ ಕಡೆಯ ನಂಟರ ಮನೆಯಿಂದ ಮಲ್ಲಿಗೆ ತರುವವರಿಗೂ ಇದೇ ಮಾತು. ಬುಡವನ್ನೇ ಅಗೆದು ತರುವ ಬದಲು ಎರಡು ಗೆಲ್ಲು ತನ್ನಿ, ಸಾಕು.

ಹೊಸ ಗುಂಡಿ ಮೊದಲು, ಕೀಳುವುದು ಆಮೇಲೆ

ಕಿತ್ತ ಗಿಡವನ್ನು ಗೋಡೆಗೆ ಒರಗಿಸಿಟ್ಟು ಗುಂಡಿ ತೋಡಲು ಹೋಗಬಾರದು. ಒಂದು ವಾರ ಮೊದಲೇ ಗುಂಡಿ ತಯಾರಿರಲಿ.

ಜಾಗ ಆರಿಸುವಾಗ ಬಿಸಿಲು ನೋಡಿ. ದಾಸವಾಳ, ಮಲ್ಲಿಗೆ, ಗುಲಾಬಿಗೆ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು. ಇವತ್ತಿನ ಬಿಸಿಲಲ್ಲ, ಹೊಸ ಮನೆ ಎದ್ದ ಮೇಲೆ ಉಳಿಯುವ ಬಿಸಿಲು. ಎರಡು ಮಹಡಿ ಬಂದರೆ ಉತ್ತರದ ಗೋಡೆಯ ಪಕ್ಕ ಚಳಿಗಾಲವೆಲ್ಲ ನೆರಳು.

ಗುಂಡಿ ಮಣ್ಣಿನ ಉಂಡೆಯ ಎರಡರಷ್ಟು ಅಗಲ ಇರಲಿ. ಆಳ ಉಂಡೆಯಷ್ಟೇ ಇರಲಿ, ಹೆಚ್ಚು ಬೇಡ. ಆಳಕ್ಕೆ ತೋಡಿ ಕೆಳಗೆ ಗೊಬ್ಬರ ತುಂಬಿದರೆ ಮುಂದೆ ಅದು ಕುಸಿದು ಗಿಡ ಕೆಳಗಿಳಿಯುತ್ತದೆ, ಬುಡ ಮಣ್ಣಲ್ಲಿ ಹೂತು ಕೊಳೆಯುತ್ತದೆ. ಗುಂಡಿಯಲ್ಲಿ ಇಟ್ಟಿಗೆ ಚೂರು, ಗಾರೆ, ಸಿಮೆಂಟು ಸಿಕ್ಕರೆ ಅಷ್ಟನ್ನೂ ಆರಿಸಿ ಹೊರಗೆ ಹಾಕಿ. ಸಿಮೆಂಟು ಕಲಸಿದ ಜಾಗವಾದರೆ ಮಣ್ಣನ್ನೇ ಬದಲಿಸಿ.

ಈಗ ಗುಂಡಿ ತುಂಬ ನೀರು ತುಂಬಿಸಿ ನೋಡಿ. ನಾಲ್ಕೈದು ಗಂಟೆಯೊಳಗೆ ಇಂಗಿದರೆ ಸರಿ. ಮರುದಿನವೂ ನಿಂತಿದ್ದರೆ ಆ ಜಾಗ ಬಿಡಿ. ಬೇರೆ ಜಾಗವೇ ಇಲ್ಲದಿದ್ದರೆ ಗುಂಡಿಯ ಆಳ ಅರ್ಧಕ್ಕಿಳಿಸಿ, ಗಿಡವನ್ನು ನೆಲಕ್ಕಿಂತ ಎತ್ತರದ ದಿಬ್ಬದ ಮೇಲೆ ಕೂರಿಸಿ. ಕರಾವಳಿಯ ಮುರಕಲ್ಲು ನೆಲದಲ್ಲಿ ನೀರು ತುಂಬಿಸಿ ನೋಡುವ ಈ ಪರೀಕ್ಷೆಯನ್ನು ಬಿಡಲೇಬಾರದು. ಕಲ್ಲಿನಲ್ಲಿ ತೋಡಿದ ಗುಂಡಿ ಎಷ್ಟೋ ಕಡೆ ಮಳೆಗಾಲದಲ್ಲಿ ನೀರು ಹಿಡಿದಿಟ್ಟುಕೊಳ್ಳುತ್ತದೆ.

ಕೀಳುವ ದಿನ

ಎರಡು ದಿನ ಮೊದಲಿಂದ ಬುಡಕ್ಕೆ ಸರಿಯಾಗಿ ನೀರು ಹಾಕಿರಬೇಕು. ಗಿಡವೂ ನೀರು ಕುಡಿದಿರುತ್ತದೆ, ಮಣ್ಣೂ ಉದುರುವುದಿಲ್ಲ. ಕೆಮ್ಮಣ್ಣು ಒಣಗಿದ್ದರೆ ಎತ್ತುವಾಗ ಪುಡಿಪುಡಿಯಾಗುತ್ತದೆ. ಮೋಡ ಕವಿದ ದಿನ ಆರಿಸಿ, ಸಾಯಂಕಾಲ ನಾಲ್ಕರ ಮೇಲೆ ಶುರು ಮಾಡಿ. ರಾತ್ರಿಯಿಡೀ ಗಿಡಕ್ಕೆ ಸುಧಾರಿಸಿಕೊಳ್ಳಲು ಸಮಯ ಸಿಗುತ್ತದೆ.

ಮೊದಲು ಹೂ, ಮೊಗ್ಗು, ಕಾಯಿ ಎಲ್ಲವನ್ನೂ ತೆಗೆಯಿರಿ. ನಂತರ ಸವರುವುದು. ದಾಸವಾಳ, ನಂದಿಬಟ್ಟಲಿನ ಮೇಲ್ಭಾಗ ಮೂರರಲ್ಲಿ ಒಂದು ಪಾಲು ತೆಗೆದರೆ ಸಾಕು. ಒಣಗಿದ, ಒಂದಕ್ಕೊಂದು ಉಜ್ಜುವ, ಒಳಗೆ ತುರುಕಿಕೊಂಡಿರುವ ಕೊಂಬೆಗಳಿಂದ ಶುರು ಮಾಡಿ. ಗುಲಾಬಿ, ಮಲ್ಲಿಗೆಯನ್ನು ಅರ್ಧಕ್ಕೂ ಇಳಿಸಬಹುದು. ಕೇಪಳಕ್ಕೆ ಬಹಳ ಕತ್ತರಿ ಬೇಡ. ಕೆಲವರು ಪೂರ್ತಿ ಬೋಳು ಮಾಡುತ್ತಾರೆ, ನನಗೆ ಅದು ಸರಿ ಕಾಣುವುದಿಲ್ಲ. ಹೊಸ ಬೇರು ಬರಬೇಕಾದರೆ ಅದಕ್ಕೆ ಬೇಕಾದ ಆಹಾರ ತಯಾರಿಸುವುದು ಎಲೆಯೇ. ಒಂದಿಷ್ಟು ಎಲೆ ಇರಲೇಬೇಕು.

ಉಳಿದ ಕೊಂಬೆಗಳನ್ನು ಹಳೆ ಸೀರೆಯ ಪಟ್ಟಿಯಿಂದ ಸಡಿಲವಾಗಿ ಮೇಲಕ್ಕೆ ಕಟ್ಟಿ. ಹಿಂದೆ ಬೇರು ಕತ್ತರಿಸಿದ ಗೆರೆಯಿಂದ ಹೊರಗೆ ಮೂರು ನಾಲ್ಕು ಇಂಚು ಬಿಟ್ಟು ಅಗೆಯಲು ಶುರು ಮಾಡಿ. ಹೊಸ ಬಿಳಿ ಬೇರೆಲ್ಲ ಕಾಲುವೆಯ ಆ ಮೆದು ಮಣ್ಣಲ್ಲಿದೆ, ಅದು ಉಂಡೆಯ ಒಳಗೇ ಉಳಿಯಬೇಕು. ಒಂದಡಿ ಆಳಕ್ಕೆ ಹೋದ ಮೇಲೆ ಸಲಿಕೆಯನ್ನು ಓರೆಯಾಗಿ ಬುಡದ ಕೆಳಕ್ಕೆ ತಿರುಗಿಸಿ. ಪೂರ್ತಿ ಬಿಡಿಸುವ ಮುಂಚೆಯೇ ಉಂಡೆಯ ಸುತ್ತ ಒದ್ದೆ ಗೋಣಿತಾಟು ಸುತ್ತಿ ಹುರಿಯಿಂದ ಬಿಗಿಯಾಗಿ ಕಟ್ಟಿಬಿಡಿ. ಆಮೇಲೆ ಕೆಳಗೆ ಉಳಿದ ತಾಯಿಬೇರನ್ನು ಗರಗಸದಿಂದ ಕೊಯ್ಯಿರಿ.

ಇಲ್ಲಿ ಎಲ್ಲರಿಗೂ ಕಾಂಡ ಹಿಡಿದು ಮೇಲಕ್ಕೆ ಎಳೆಯುವ ಆಸೆ ಬರುತ್ತದೆ. ದಯವಿಟ್ಟು ಎಳೆಯಬೇಡಿ. ಆರು ವಾರದ ಶ್ರಮವೆಲ್ಲ ಆ ಒಂದು ಎಳೆತಕ್ಕೆ ಹೋಗುತ್ತದೆ. ಗಿಡವನ್ನು ಒಂದು ಪಕ್ಕಕ್ಕೆ ಮೆಲ್ಲಗೆ ವಾಲಿಸಿ, ಇನ್ನೊಂದು ಗೋಣಿಚೀಲದ ಅರ್ಧ ಸುರುಳಿ ಸುತ್ತಿ ಕೆಳಗೆ ತೂರಿಸಿ. ಈಗ ಆ ಕಡೆಗೆ ವಾಲಿಸಿ ಸುರುಳಿ ಬಿಡಿಸಿ. ಗಿಡ ಚೀಲದ ಮೇಲೆ ಕೂತಿತು. ನಾಲ್ಕು ಮೂಲೆ ಹಿಡಿದು ಎತ್ತುವುದು.

ತೂಕವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒಂದೂವರೆ ಅಡಿ ಅಗಲದ ಹಸಿ ಮಣ್ಣಿನ ಉಂಡೆ 60–70 ಕೆಜಿ ತೂಗುತ್ತದೆ. ಎರಡು ಅಡಿಯಾದರೆ 100 ಕೆಜಿ ದಾಟುತ್ತದೆ. ಮೂರು ಇಂಚಿನ ಕಾಂಡ ಬೇಡ ಎಂದದ್ದು ಇದಕ್ಕೇ. ನಾಲ್ಕು ಜನ ಇರಲಿ. ಅಂಗಳದೊಳಗೇ ಸಾಗಿಸುವುದಾದರೆ ಹಳೆ ಫ್ಲೆಕ್ಸ್ ಬ್ಯಾನರಿನ ಮೇಲಿಟ್ಟು ಎಳೆಯುವುದು ಸುಲಭ. ಗಾಡಿಯಲ್ಲಿ ಹೋಗುವುದಾದರೆ ಎಲೆಗಳಿಗೆ ಒದ್ದೆ ಬಟ್ಟೆ ಹೊದಿಸಿ. ಓಡುವ ಗಾಡಿಯ ಗಾಳಿ ಸಾಕು, ಅರ್ಧ ಗಂಟೆಯಲ್ಲಿ ಗಿಡ ಬಾಡುತ್ತದೆ.

ನೆಡುವುದು

ಗುಂಡಿಯಲ್ಲಿ ಇಳಿಸಿದ ಮೇಲೆ ಒಂದು ನೇರ ಕೋಲನ್ನು ಗುಂಡಿಗೆ ಅಡ್ಡಲಾಗಿ ಇಡಿ. ಹಳೆ ಜಾಗದಲ್ಲಿ ಮಣ್ಣಿನ ಮಟ್ಟ ಎಲ್ಲಿತ್ತು ಎಂಬ ಗುರುತು ಕಾಂಡದ ಮೇಲೆ ಬಣ್ಣದಲ್ಲೇ ಕಾಣುತ್ತದೆ. ಆ ಗುರುತು ಕೋಲಿನ ಮಟ್ಟಕ್ಕೆ ಅಥವಾ ಅರ್ಧ ಇಂಚು ಮೇಲೆ ಇರಲಿ, ಕೆಳಗೆ ಬೇಡ. ಗಿಡ ಅಲುಗಾಡದಿರಲಿ ಎಂದು ಆಳಕ್ಕೆ ನೆಡುವವರು ಬಹಳ ಜನ. ಅಲುಗಾಟಕ್ಕೆ ಊರುಗೋಲು ಇದೆ, ಆಳ ಪರಿಹಾರವಲ್ಲ.

ಸೆಣಬಿನ ಗೋಣಿಯಾದರೆ ಹುರಿ ಕತ್ತರಿಸಿ, ಮೇಲಿನ ಭಾಗ ತೆಗೆದು, ಕೆಳಗಿನದು ಹಾಗೇ ಬಿಡಬಹುದು, ಮಣ್ಣಲ್ಲಿ ಕೊಳೆಯುತ್ತದೆ. ಪ್ಲಾಸ್ಟಿಕ್ ಚೀಲವಾದರೆ ಚೂರೂ ಉಳಿಸಬೇಡಿ. ಗುಂಡಿಯಿಂದ ತೆಗೆದ ಮಣ್ಣನ್ನೇ ಮತ್ತೆ ತುಂಬಿ. ಕಳಿತ ಗೊಬ್ಬರ ನಾಲ್ಕರಲ್ಲಿ ಒಂದು ಪಾಲು ಬೆರೆಸಿದರೆ ಹೆಚ್ಚಾಯಿತು. ಹಸಿ ಸಗಣಿ ಬೇಡವೇ ಬೇಡ, ಬಿಸಿಯೇರಿ ಎಳೆ ಬೇರು ಸುಡುತ್ತದೆ, ಗೊಣ್ಣೆಹುಳು, ಗೆದ್ದಲು ಬರುತ್ತವೆ. ಯೂರಿಯಾ, ಡಿಎಪಿಯೂ ಈಗ ಬೇಡ.

ಅರ್ಧ ಗುಂಡಿ ತುಂಬಿದ ಮೇಲೆ ಒಂದು ಬಕೆಟ್ ನೀರು ಹಾಕಿ, ಇಂಗುವ ತನಕ ಕಾಯಿರಿ. ಮಣ್ಣಿನ ನಡುವಿನ ಟೊಳ್ಳುಗಳು ಆ ನೀರಲ್ಲಿ ಮುಚ್ಚಿಕೊಳ್ಳುತ್ತವೆ. ಉಳಿದದ್ದು ತುಂಬಿ ಕೈಯಿಂದ ಒತ್ತಿ, ಕಾಲಲ್ಲಿ ತುಳಿಯಬೇಡಿ. ಸುತ್ತ ಪಾತಿ ಕಟ್ಟಿ, ಇನ್ನೊಂದು ಬಕೆಟ್ ನೀರು ಹಾಕಿ. ಮೇಲೆ ತರಗೆಲೆ, ಒಣಹುಲ್ಲು ಅಥವಾ ತೆಂಗಿನ ಸಿಪ್ಪೆ ಎರಡು ಮೂರು ಇಂಚು ಹರಡಿ. ಕಾಂಡಕ್ಕೆ ತಾಗದ ಹಾಗೆ ಒಂದು ಅಂಗೈ ಅಗಲ ಬಿಡಿ. ಎರಡು ಕಡೆ ಗೂಟ ನೆಟ್ಟು ಬಟ್ಟೆಯಿಂದ ಸಡಿಲವಾಗಿ ಕಟ್ಟಿ. ಪಡುವಣ ಬಿಸಿಲು ಬೀಳುವ ಕಡೆ ಎರಡು ಮೂರು ವಾರ ನೆರಳು ಬಲೆ ಕಟ್ಟಿ. ತೆಂಗಿನ ಗರಿ, ಅಡಿಕೆ ಸೋಗೆಯೂ ಆಗುತ್ತದೆ.

ಮುಂದಿನ ಮೂರು ತಿಂಗಳು

ಮೊದಲ ವಾರ ಮಳೆ ಇಲ್ಲದ ದಿನವೆಲ್ಲ ಪಾತಿ ತುಂಬ ನೀರು. ಆಮೇಲೆ ಮೂರು ವಾರ ದಿನ ಬಿಟ್ಟು ದಿನ. ನಂತರ ವಾರಕ್ಕೆರಡು ಸಲ. ಇದು ಅಂದಾಜು ಮಾತ್ರ. ಬೆರಳನ್ನು ಮೂರು ಇಂಚು ಒಳಗಿಳಿಸಿ ನೋಡಿ, ತಣ್ಣಗೆ ತೇವ ಇದ್ದರೆ ಅವತ್ತು ನೀರು ಬೇಡ. ಉಂಡೆಯ ಮಣ್ಣಿಗೂ ಸುತ್ತಲಿನ ಮಣ್ಣಿಗೂ ವ್ಯತ್ಯಾಸ ಇರುತ್ತದೆ, ಸುತ್ತ ಒದ್ದೆ ಇದ್ದು ಉಂಡೆ ಒಣಗಿರಬಹುದು. ಎರಡೂ ಕಡೆ ಬೆರಳಿಟ್ಟು ನೋಡಿ.

ಮಧ್ಯಾಹ್ನ ಎಲೆ ಬಾಡಿ ಬೆಳಿಗ್ಗೆ ಎದ್ದು ನಿಂತಿದ್ದರೆ ಚಿಂತೆ ಇಲ್ಲ. ಬೆಳಿಗ್ಗೆ ಆರಕ್ಕೂ ಬಾಡಿದ್ದರೆ ಮಣ್ಣು ಮುಟ್ಟಿ ನೋಡಿ. ಒಣಗಿದ್ದರೆ ನೀರು ಸಾಲದು. ಒದ್ದೆಯಾಗಿದ್ದರೆ ಬೇರು ಉಸಿರುಗಟ್ಟುತ್ತಿದೆ, ನೀರು ನಿಲ್ಲಿಸಿ, ಪಾತಿ ಒಡೆದು ನೀರು ಹರಿಯಲು ದಾರಿ ಮಾಡಿ. ಬಾಡಿದ್ದು ಕಂಡ ಕೂಡಲೇ ನೀರು ಸುರಿದು ಕೊಂದ ಗಿಡಗಳು ಒಣಗಿ ಸತ್ತವಕ್ಕಿಂತ ಕಡಿಮೆ ಇರಲಾರವು.

ಎಲೆ ಹಳದಿಯಾಗಿ ಉದುರುವುದು ಕೆಟ್ಟ ಲಕ್ಷಣ ಅಲ್ಲ. ಗಿಡಕ್ಕೆ ಇನ್ನೂ ಜೀವ ಇದೆ, ಭಾರ ಇಳಿಸಿಕೊಳ್ಳುತ್ತಿದೆ. ಎಲೆ ಕಂದಾಗಿ, ಗರಿಗರಿ ಒಣಗಿ, ಕಡ್ಡಿಗೇ ಅಂಟಿಕೊಂಡಿದ್ದರೆ ಆ ಕೊಂಬೆ ಹೋಯಿತೆಂದು ಅರ್ಥ. ಅನುಮಾನ ಇದ್ದರೆ ಉಗುರಿನಿಂದ ತೊಗಟೆ ಗೀರಿ. ಒಳಗೆ ಹಸಿರು, ಹಸಿಹಸಿ ಕಂಡರೆ ಕಾಯಿರಿ. ಕಂದು ಕಂಡರೆ ಹಸಿರು ಸಿಗುವ ತನಕ ಕೆಳಕ್ಕೆ ಕತ್ತರಿಸುತ್ತಾ ಬನ್ನಿ. ಬುಡದ ಹತ್ತಿರ ಹಸಿರಿದ್ದರೆ ಗಿಡವನ್ನು ಕಿತ್ತೆಸೆಯಬೇಡಿ, ಎರಡು ತಿಂಗಳ ಮೇಲೂ ಚಿಗುರುವುದುಂಟು.

ಸೊರಗಿದ ದಾಸವಾಳಕ್ಕೆ ಹಿಟ್ಟು ತಿಗಣೆ ಬೇಗ ಹತ್ತುತ್ತದೆ. ಗೆಣ್ಣುಗಳಲ್ಲಿ ಬಿಳಿ ಹತ್ತಿಯಂತೆ ಕಂಡ ಕೂಡಲೇ ನೀರು ರಭಸವಾಗಿ ಹಾಯಿಸಿ ತೊಳೆಯಿರಿ. ಹೋಗದಿದ್ದರೆ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಚೂರು ಸೋಪಿನ ನೀರು ಸೇರಿಸಿ ಸಾಯಂಕಾಲ ಸಿಂಪಡಿಸಿ. ಕಾಂಡದ ಮೇಲೆ ಗೆದ್ದಲಿನ ಮಣ್ಣಿನ ಗೆರೆ ಕಂಡರೆ ಒರೆಸಿ ತೆಗೆದು ಬುಡಕ್ಕೆ ಬೇವಿನ ಹಿಂಡಿ ಹಾಕಿ.

ಮೊದಲ ಎರಡು ತಿಂಗಳು ಮೊಗ್ಗು ಬಂದರೂ ಚಿವುಟಿಬಿಡಿ. ದೇವರಿಗೆಂದು ಬೆಳೆಸಿದ ಗಿಡದ ಮೊಗ್ಗು ಚಿವುಟಲು ಮನಸ್ಸಾಗುವುದಿಲ್ಲ, ಗೊತ್ತು. ಆದರೆ ಒಂದೊಂದು ಹೂವಿಗೂ ಹೋಗುವ ಶಕ್ತಿ ಈಗ ಬೇರಿಗೆ ಬೇಕು. ಎರಡು ಸುತ್ತು ಹೊಸ ಚಿಗುರು ಬಂದು ಎಲೆ ಬಲಿತ ಮೇಲೆ ಎರೆಗೊಬ್ಬರ ಕೊಡಲು ಶುರು ಮಾಡಿ. ಬರುವ ಮೊದಲ ಬೇಸಿಗೆಯಲ್ಲಿ ಈ ಗಿಡಕ್ಕೆ ಅಂಗಳದ ಬೇರೆಲ್ಲ ಗಿಡಗಳಿಗಿಂತ ಹೆಚ್ಚು ನೀರಿನ ಕಾಳಜಿ ಬೇಕು. ಬೇರು ಇನ್ನೂ ದೂರ ಹೋಗಿರುವುದಿಲ್ಲ.

ಆರು ವಾರ ಇಲ್ಲದಿದ್ದರೆ

ಜೆಸಿಬಿ ನಾಳಿದ್ದೇ ಬರುತ್ತದೆ, ಅದೂ ಏಪ್ರಿಲ್ ತಿಂಗಳು ಎಂದಾದರೆ ನೆಲದಿಂದ ನೆಲಕ್ಕೆ ಸಾಗಿಸಬೇಡಿ. 200 ಲೀಟರ್ ಡ್ರಮ್ಮನ್ನು ಅರ್ಧಕ್ಕೆ ಕತ್ತರಿಸಿ, ತಳಕ್ಕೆ ಎಂಟು ಹತ್ತು ತೂತು ಕೊರೆದು ಇಟ್ಟುಕೊಳ್ಳಿ. ರಾತ್ರಿ ನೀರು ಹಾಕಿ, ಬೆಳಗಿನ ಜಾವ ಅಗೆಯಿರಿ. ಡ್ರಮ್ಮು ಹಿಡಿಸುವಷ್ಟು ದೊಡ್ಡ ಉಂಡೆ ಬರಲಿ. ಗಿಡವನ್ನು ಅರ್ಧಕ್ಕಿಂತ ಹೆಚ್ಚು ಇಳಿಸಿ. ಉಂಡೆ ಒಡೆದು ಬೇರು ಬರಿದಾದರೆ ಗೋಡು ಮಣ್ಣಿನ ಕೆಸರಲ್ಲಿ ಅದ್ದಿ ತಕ್ಷಣ ಒದ್ದೆ ಗೋಣಿ ಸುತ್ತಿ. ಗುಲಾಬಿ, ನಂದಿಬಟ್ಟಲು ಹೀಗೂ ಬದುಕುವುದುಂಟು. ಡ್ರಮ್ಮಿಗೆ ಮಣ್ಣು, ಮರಳು, ಕಳಿತ ಗೊಬ್ಬರ ತುಂಬಿ ಕೂರಿಸಿ, ಮಾವಿನ ಮರದ ಕೆಳಗೋ ಪಕ್ಕದ ಮನೆಯ ನೆರಳಲ್ಲೋ ಇಡಿ. ಮೊದಲ ಮೂರು ವಾರ ಬೆಳಿಗ್ಗೆ, ಸಾಯಂಕಾಲ ಎಲೆಗೆ ನೀರು ಚಿಮುಕಿಸಿ.

ಮನೆ ಕಟ್ಟಿ ಮುಗಿಯಲು ವರ್ಷ ಹಿಡಿಯುತ್ತದೆ. ಅಲ್ಲಿಯವರೆಗೂ ಗಿಡ ಡ್ರಮ್ಮಿನಲ್ಲಿ ಆರಾಮಾಗಿರುತ್ತದೆ, ಸಿಮೆಂಟಿನ ಧೂಳು ಕೂತಾಗ ಎಲೆ ತೊಳೆದರೆ ಸಾಕು. ಮುಂದಿನ ಮಳೆಗಾಲದಲ್ಲಿ ನೆಲಕ್ಕಿಳಿಸುವಾಗ ಗಿಡವನ್ನು ಎಳೆದು ತೆಗೆಯಬೇಡಿ, ಡ್ರಮ್ಮನ್ನೇ ಎರಡು ಕಡೆ ಉದ್ದಕ್ಕೆ ಸೀಳಿ. ಒಳಗೆ ಬೇರು ಗುಂಡಗೆ ಸುತ್ತಿಕೊಂಡಿದ್ದರೆ ಹರಿತವಾದ ಚಾಕುವಿನಿಂದ ನಾಲ್ಕು ಕಡೆ ಮೇಲಿಂದ ಕೆಳಗೆ ಒಂದಿಂಚು ಆಳ ಗೀರಿ ನೆಡಿ. ಇಲ್ಲದಿದ್ದರೆ ಹೊಸ ನೆಲದಲ್ಲೂ ಬೇರು ಹೊರಗೆ ಚಾಚದೆ ಅಲ್ಲೇ ಸುತ್ತುತ್ತಿರುತ್ತದೆ.